ವರ್ಷದೂಟದ ಹೋರಿ

ಹೋರಿ ಓಡಲಿಲ್ಲ. ಆ ವಾರ ನಾಲ್ಕು ಹಳ್ಳಿಗಳಲ್ಲಿ ಜನ ಮಾತಾಡಿಕೊಂಡದ್ದು ಇದೊಂದನ್ನೇ. ಸೋಮವಾರ ಬೆಳಿಗ್ಗೆ ಎನೋಸ್ ಮುದುಕ ಬಂದೂಕು ಹಿಡಿದು ಬೂದಿಹಳ್ಳದ ಕೆಳಗಿನ ಹುಲ್ಲುಗಾವಲಿಗೆ ಹೋದಾಗ ಹಿಂಡಿನ ಮಿಕ್ಕ ಬೈಸನ್‌ಗಳೆಲ್ಲ ದಿಬ್ಬ ಹತ್ತಿ ಹೋದವು. ನಾಲ್ಕು ವರ್ಷದ ಒಂದು ಹೋರಿ ಮಾತ್ರ ಹಿಂದೆ ಉಳಿದು, ತಲೆ ತಗ್ಗಿಸಿ ಅವನತ್ತ ನೋಡುತ್ತ ನಿಂತಿತು. ಅವನು ಮೂವತ್ತು ಹೆಜ್ಜೆಯಷ್ಟು ಹತ್ತಿರ ಹೋದರೂ ಅದು ಕದಲಲಿಲ್ಲ. ಮುದುಕ ನೆಲದ ಮೇಲೆ ಚಿಟಿಕೆ ಹೊಗೆಸೊಪ್ಪು ಇಟ್ಟು, ಸತ್ತ ಮಗ ಲೈಲ್‌ನ ಹೆಸರು ಹೇಳಿ, ಒಂದೇ ಗುಂಡಿಗೆ ಅದನ್ನು ಕೆಡವಿದ.

ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನರಲ್ಲಿ ಹಾಗೆ ನಿಂತುಕೊಂಡ ಪ್ರಾಣಿ ತನ್ನನ್ನು ತಾನೇ ಕೊಟ್ಟುಕೊಂಡ ಪ್ರಾಣಿ. ಅದರ ಒಂದು ತುಣುಕನ್ನೂ ಬೇಡ ಎನ್ನುವಂತಿಲ್ಲ. ಅದರಲ್ಲೂ ಇದು ಬಂದದ್ದು ಲೈಲ್‌ನ ವರ್ಷದೂಟಕ್ಕೆ. ಲೈಲ್ ಸತ್ತು ಶನಿವಾರಕ್ಕೆ ಸರಿಯಾಗಿ ಒಂದು ವರ್ಷ. ಅಂದು ಊರಿಗೆಲ್ಲ ಊಟ ಹಾಕಿ, ಸತ್ತವನ ಪಾಲಿನ ತಟ್ಟೆಯನ್ನು ಹೊರಗಿಟ್ಟ ಮೇಲೆಯೇ ಮನೆಯವರ ಶೋಕ ಮುಗಿಯುವುದು.

ಲೈಲ್‌ನ ಹೆಂಡತಿ ಟ್ವಿಲಾ ಹುಲ್ಲುಗಾವಲಿಗೆ ಹೋಗಿರಲಿಲ್ಲ. ಅವಳು ನೋಡಿದ್ದು ರಕ್ತವನ್ನು. ಸಾರಿಗೆಂದು ತಂದ ಒಂದು ಬಕೆಟ್ ರಕ್ತ ಸೋಮವಾರ ಮಧ್ಯಾಹ್ನ ಅವಳ ಅಡುಗೆಮನೆಗೆ ಬಂತು. ಕಡಿದ ಪ್ರಾಣಿಯ ರಕ್ತ ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟದಿರಲೆಂದು ಒಬ್ಬರು ಕೋಲು ಹಿಡಿದು ಕಲಕುತ್ತ ಕೂರಬೇಕು. ಈ ರಕ್ತವನ್ನು ಯಾರೂ ಕಲಕಿರಲಿಲ್ಲ. ಸಂಜೆ ಆರಕ್ಕೆ ಮುಚ್ಚಳ ತೆಗೆದು ನೋಡಿದಾಗಲೂ ಅದು ಕಪ್ಪಗೆ, ನೀರಾಗಿ, ಬಕೆಟ್ ಅಲುಗಿಸಿದತ್ತ ವಾಲುತ್ತಿತ್ತು.

"ಒಳ್ಳೇದೇ ಆಯ್ತು ಬಿಡು, ಕಲಕೋ ಕೆಲಸ ತಪ್ಪಿತು," ಎಂದಿದ್ದಳು ಫಿಲೊಮಿನ್. ಅವಳು ಎನೋಸ್‌ನ ತಂಗಿ, ವಯಸ್ಸು ಎಪ್ಪತ್ತೊಂದು. ಹೋರಿಯ ಹೊಟ್ಟೆ ಬಗೆದು ಶುಚಿ ಮಾಡಿದವಳು ಅವಳೇ.

ಟ್ವಿಲಾ ಆ ರಕ್ತವನ್ನು ಚೆಲ್ಲಿದಳು. ಏಕೆಂದು ಯಾರಿಗೂ ಹೇಳಲಿಲ್ಲ. ಅವಳಿಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಸಮುದಾಯ ಭವನದ ಹಿಂದೆ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಒಲೆಯಾದ ಸ್ಮೋಕರ್‌ಗೆ ಬೆಂಕಿ ಹಾಕಿದ್ದಳು. ಆರಡಿ ಉದ್ದದ ಹಳೆಯ ಎಣ್ಣೆ ಟ್ಯಾಂಕನ್ನು ಸೀಳಿ, ಬೆಸುಗೆ ಹಾಕಿ ಲೈಲ್ ಮಾಡಿದ್ದ ಸ್ಮೋಕರ್ ಅದು. ಒಂದು ಮಗ್ಗುಲಲ್ಲಿ ಬೆಂಕಿ, ಇನ್ನೊಂದು ಮಗ್ಗುಲಲ್ಲಿ ಚಿಮಣಿ, ನಡುವೆ ಕಬ್ಬಿಣದ ಜಾಲರಿಯ ಮೇಲೆ ಮಾಂಸ. ಬೈಸನ್ ಮಾಂಸದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ದನದ ಮಾಂಸದ ಹಾಗೆ ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿಟ್ಟರೆ ಅದು ಬೂಟಿನ ಅಟ್ಟೆಯಾಗುತ್ತದೆ. ಆದ್ದರಿಂದ ಒಳಗಿನ ಶಾಖ ಇನ್ನೂರ ಇಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಜಾಲರಿಯ ಕೆಳಗೆ ನೀರಿನ ತಟ್ಟೆ ಇರಬೇಕು. ತುಂಡುಗಳ ಮೇಲೆ ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ಹಾಳೆಯಂತೆ ಬಿಡಿಸಿ ಹೊದಿಸಬೇಕು, ಅದು ಕರಗುತ್ತ ಮಾಂಸವನ್ನು ಒದ್ದೆಯಾಗಿಡುತ್ತದೆ. ತುಂಡಿನ ನಡುಭಾಗ ನೂರ ನಲವತ್ತು ಡಿಗ್ರಿ ಮುಟ್ಟಿತೋ ಇಳಿಸಿಬಿಡಬೇಕು. ಆಗ ಕೊಯ್ದರೆ ಒಳಗಿನ್ನೂ ಎಳೆಗೆಂಪು ಇರುತ್ತದೆ.

ಅರವತ್ತು ಕಿಲೋ ಮಾಂಸ ಒಳಗಿತ್ತು. ಇನ್ನರ್ಧ ಹೋರಿ ಭವನದ ಶೀತಲ ಕೋಣೆಯಲ್ಲಿ ತೂಗುತ್ತಿತ್ತು. ಆ್ಯಶ್ ಮರದ ಸೌದೆಯ ತೆಳು ನೀಲಿ ಹೊಗೆ ಚಿಮಣಿಯಿಂದ ನೆಟ್ಟಗೆ ಮೇಲೇರುತ್ತಿತ್ತು. ಗಾಳಿ ಇರಲಿಲ್ಲ. ಆ ವಸಂತದಲ್ಲಿ ಬೂದಿಹಳ್ಳ ಉಕ್ಕಿ ಹುಲ್ಲುಗಾವಲಿನ ಮೇಲೆ ಒಂದಡಿ ಹೂಳು ಬಿಟ್ಟು ಹೋಗಿತ್ತು. ಆಮೇಲೆ ಒಂಬತ್ತು ವಾರ ಒಂದು ಹನಿ ಬಿದ್ದಿರಲಿಲ್ಲ.

ಎಂಟು ಗಂಟೆಗೆ ಫಿಲೊಮಿನ್ ಬಂದಳು. ಆಗಸ್ಟ್‌ನ ಸೆಖೆಯಲ್ಲೂ ಅಂಗಿಯ ಬಲತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿದ್ದಳು. ಪಾತ್ರೆ ಎತ್ತುವಾಗ ತೋಳು ಸರಿಯಿತು.

"ಏನತ್ತೆ ಅದು ಕೈ ಮೇಲೆ?"

"ಜೇಡ ಕಚ್ಚಿದೆ ಕಣೇ. ಬುಧವಾರ ಸಣ್ಣ ಗುಳ್ಳೆ ಇತ್ತು. ಈಗ ನೋಡು, ಇದ್ದಿಲು ಅಂಟಿಸಿದ ಹಾಗಾಗಿದೆ."

ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಹಕ್ಕಳೆ. ಸುತ್ತ ಕೈ ಮೊಣಕೈವರೆಗೆ ಊದಿತ್ತು.

"ತುಂಬಾ ನೋಯುತ್ತಾ?"

"ಅದೇ ನೋಡು ವಿಚಿತ್ರ. ಒಂಚೂರೂ ನೋವಿಲ್ಲ. ಸೂಜಿಲಿ ಚುಚ್ಚಿದ್ರೂ ಗೊತ್ತಾಗಲ್ಲ."

ಟ್ವಿಲಾ ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲಿಟ್ಟಳು. ಮದುವೆಗೆ ಮುಂಚೆ ಅವಳು ನದಿಯಾಚೆಯ ಒಂದು ಮಾಂಸದ ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದಳು. ಕರುಳು ಬೇರ್ಪಡಿಸುವ ಸಾಲಿನಲ್ಲಿ ಅವಳ ಪಕ್ಕದಲ್ಲೇ ತಪಾಸಣೆಯ ಪಶುವೈದ್ಯ ನಿಲ್ಲುತ್ತಿದ್ದ. ಗೋಡೆಯ ಮೇಲೆ ಒಂದು ಚಿತ್ರಪಟವಿತ್ತು. ಅದರಲ್ಲಿ ನಾಲ್ಕು ಚಿತ್ರಗಳು: ಹೆಪ್ಪುಗಟ್ಟದ ರಕ್ತ, ಹೊಟ್ಟೆಯೊಳಗೆ ಊದಿದ ಗುಲ್ಮ, ಮೂಗಿನ ನೊರೆ, ಮನುಷ್ಯನ ಕೈಮೇಲೆ ನೋವಿಲ್ಲದ ಕಪ್ಪು ಹುಣ್ಣು. ಕೆಳಗೆ ದಪ್ಪಕ್ಷರದಲ್ಲಿ ಅಂಥ್ರಾಕ್ಸ್ ಎಂದು ಬರೆದಿತ್ತು. ದನಗಾಹಿಗಳು ನೆರಡಿ ಎನ್ನುವ ರೋಗ ಅದು. ನೆರೆನೀರು ಬಿಟ್ಟುಹೋದ ಮಣ್ಣಿನಿಂದ ಮೇಲೆದ್ದು ಬರುತ್ತದೆ, ಒಣ ಬೇಸಿಗೆಯಲ್ಲಿ ಗಿಡ್ಡ ಹುಲ್ಲನ್ನು ಬುಡಸಮೇತ ಮೇಯುವ ಪ್ರಾಣಿಗೆ ತಗಲುತ್ತದೆ ಎಂದು ಆ ವೈದ್ಯ ಹೇಳಿದ್ದ. ಅದರ ಬೀಜಾಣು ಕುದಿಯುವ ನೀರಿಗೂ ಬೇಗ ಸಾಯುವುದಿಲ್ಲ. ನೂರ ನಲವತ್ತು ಡಿಗ್ರಿ ಅದಕ್ಕೆ ಬೆಚ್ಚಗಿನ ಹಾಸಿಗೆ.

"ಅತ್ತೆ, ಹೋರಿದು ಗುಲ್ಮ ಹೇಗಿತ್ತು?"

"ಅದ್ಯಾಕೆ ಈಗ?"

"ಹೇಳಿ."

"ದೊಡ್ಡದಿತ್ತು. ನನ್ನ ತೋಳಿನಷ್ಟು ಉದ್ದ. ಚಾಕು ತಾಗಿದ್ದೇ ತಡ, ಒಳಗಿಂದ ಕಪ್ಪಗೆ, ಪ್ಲಮ್ ಹಣ್ಣಿನ ಗೊಜ್ಜಿನ ಹಾಗೆ ಸುರೀತು. ಎಸೆದ್ವಿ."

ಟ್ವಿಲಾ ಕೈಗವಸು ಬಿಚ್ಚಿ ಬೆಂಕಿಗೆ ಹಾಕಿದಳು. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಫಿಲೊಮಿನ್‌ಗೆ ಎಲ್ಲವನ್ನೂ ಹೇಳಿದಳು.

ಫಿಲೊಮಿನ್ ಅಂಗಿಯ ತೋಳನ್ನು ಮತ್ತೆ ಮಣಿಕಟ್ಟಿನವರೆಗೆ ಎಳೆದುಕೊಂಡಳು. "ಇದನ್ನ ನಿಲ್ಲಿಸಬೇಕು ಅಂದ್ರೆ ನಮ್ಮಣ್ಣ ಹೇಳ್ಬೇಕು," ಎಂದಳು. "ಕೊಟ್ಟಿದ್ದು ಅವನಿಗೆ. ಬೇಡ ಅನ್ನೋ ಹಕ್ಕೂ ಅವನದೇ. ನೀನು ಸ್ಮೋಕರ್ ಆರಿಸಿದ್ರೆ ಒಳಗಿನ ಒಲೆ ಮೇಲೆ ಬೇಯಿಸ್ತಾರೆ. ಅದೂ ಬೇಡ ಅಂದ್ರೆ ಗಂಡನ ಊಟ ಕೆಡಿಸಿದ ಹುಚ್ಚಿ ಅಂತಾರೆ."

"ನೀವು ಹೇಳಿ ಅವರಿಗೆ."

"ತಂಗಿ ಅಣ್ಣನ ಮುಂದೆ ನಿಂತು ನೀನು ತಪ್ಪು ಮಾಡ್ದೆ ಅನ್ನೋದುಂಟಾ? ನನ್ನ ತಾಯಿ ನನ್ನ ಹಾಗೆ ಬೆಳೆಸಿಲ್ಲ."

"ಆಸ್ಪತ್ರೆಗಾದ್ರೂ ಹೊರಡಿ."

"ಊಟ ಆಗ್ಲಿ."

ಟ್ವಿಲಾಗೆ ಇದ್ದ ಅಡ್ಡಿ ಇನ್ನೂ ದೊಡ್ಡದು. ಸೊಸೆ ಮಾವನೊಂದಿಗೆ ಮಾತಾಡುವುದಿಲ್ಲ, ಅವನ ಮುಖ ನೋಡುವುದಿಲ್ಲ; ಮಾವನೂ ಅಷ್ಟೇ. ಅದು ಮುನಿಸಲ್ಲ, ಮರ್ಯಾದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಬ್ಬರ ನಡುವೆ ಒಂದು ಮಾತೂ ನೇರವಾಗಿ ಹೋಗಿರಲಿಲ್ಲ. ಚಳಿಗಾಲದಲ್ಲಿ ಅವಳು ಏಳುವ ಮುಂಚೆ ಮುದುಕ ಜಗಲಿಯ ಮೇಲೆ ಸೌದೆ ಒಟ್ಟಿ ಹೋಗಿರುತ್ತಿದ್ದ. ಅವಳು ಅವನ ಬಾಗಿಲಲ್ಲಿ ಸಾರಿನ ಪಾತ್ರೆ ಇಟ್ಟು ಬರುತ್ತಿದ್ದಳು. ಹೇಳಬೇಕಾದ್ದೆಲ್ಲ ಲೈಲ್‌ನ ಮೂಲಕ ಹೋಗುತ್ತಿತ್ತು. ಈಗ ಒಂದು ವರ್ಷದಿಂದ ಲೈಲ್‌ನ ತಮ್ಮ ಎಲ್ರಾಯ್‌ನ ಮೂಲಕ.

ಅಲ್ಲೇ ತೊಡಕಿದ್ದದ್ದು. ಮಾವನೊಡನೆ ಮೌನ ಎಷ್ಟು ಕಡ್ಡಾಯವೋ ಮೈದುನನೊಡನೆ ಚೇಷ್ಟೆ ಅಷ್ಟೇ ಕಡ್ಡಾಯ. ಅತ್ತಿಗೆ ಮೈದುನ ಎದುರಾದರೆ ಒಬ್ಬರನ್ನೊಬ್ಬರು ಹೀಯಾಳಿಸಬೇಕು, ಸುಳ್ಳು ಹೇಳಿ ಏಮಾರಿಸಬೇಕು. ಹಾಗೆ ಮಾಡದವರನ್ನು ಜನ ಬಿಗುಮಾನದವರು ಎನ್ನುತ್ತಾರೆ. ಎಲ್ರಾಯ್ ಮತ್ತು ಟ್ವಿಲಾ ಇದರಲ್ಲಿ ಊರಿಗೇ ಹೆಸರಾದವರು.

ಹತ್ತು ಗಂಟೆಗೆ ಅವನು ಟ್ರಕ್‌ನಿಂದ ಕುರ್ಚಿ ಇಳಿಸಲು ಬಂದ.

"ಏನತ್ತಿಗೆ, ಮುಖ ಬಿಳಿಚಿಕೊಂಡಿದೆ. ಹೊಗೆಗಾ, ನನ್ನ ನೋಡಿದ್ದಕ್ಕಾ?"

"ನಿನ್ನ ನೋಡಿದ್ರೆ ಹೊಟ್ಟೆ ತೊಳಸುತ್ತೆ," ಎಂದು ಅವಳ ಬಾಯಿ ಅಭ್ಯಾಸದಂತೆ ಹೇಳಿಬಿಟ್ಟಿತು. ಹೇಳಿದ ಮೇಲೆ ತಪ್ಪಾಯಿತೆಂದು ಗೊತ್ತಾಯಿತು. "ಎಲ್ರಾಯ್, ಕೇಳು. ಈ ಹೋರಿಗೆ ರೋಗ ಇತ್ತು. ಈ ಮಾಂಸ ತಿಂದ್ರೆ ಜನ ಸಾಯ್ತಾರೆ."

"ಮಸಾಲೆ ಹಾಕಿದ್ದು ನೀನು ತಾನೆ? ಸಾಯ್ಲೇಬೇಕು."

"ತಮಾಷೆ ಅಲ್ಲ."

"ಹೋದ ಚಳಿಗಾಲ ಇದೇ ಮುಖ ಇಟ್ಕೊಂಡು, ಇದೇ ದನಿಲಿ, ನಿನ್ನ ಟ್ರಕ್ ಕದ್ರು, ತಮಾಷೆ ಅಲ್ಲ ಅಂದಿದ್ದೆ. ಹಿಮದಲ್ಲಿ ಎರಡು ಮೈಲಿ ಓಡಿಸಿದೆ ನನ್ನ."

"ಅತ್ತೆ ಕೈ ನೋಡು ಹೋಗು."

"ನೋಡಿದೀನಿ. ಜೇಡ. ಅತ್ತಿಗೆ, ಈ ಸಲ ನಾನು ಸಿಗಲ್ಲ." ಅವನು ಸೊಂಟದ ಚಾಕು ತೆಗೆದು, ಸ್ಮೋಕರ್‌ನ ಮುಚ್ಚಳ ಎತ್ತಿ, ಅಂಚಿನ ಒಂದು ತುಂಡಿನಿಂದ ಅಂಗೈ ಅಗಲದ ಹೋಳು ಕೊಯ್ದ. ಟ್ವಿಲಾ ಅವನ ಮಣಿಕಟ್ಟು ಹಿಡಿದಳು. ಅವನು ನಗುತ್ತ ಚಾಕುವನ್ನು ಇನ್ನೊಂದು ಕೈಗೆ ದಾಟಿಸಿ ಹೋಳನ್ನು ಬಾಯಿಗೆ ಹಾಕಿಕೊಂಡು ಅಗಿದ. "ಉಪ್ಪು ಕಮ್ಮಿ," ಎಂದ. "ಸೋಮವಾರ ಅಪ್ಪ ಬಿಸಿಬಿಸಿ ಹಸಿ ಮೂತ್ರಪಿಂಡ ಪೂರಾ ತಿಂದ. ನನಗೂ ಕೊಡೋಕೆ ಬಂದ, ನಾನು ಒಲ್ಲೆ ಅಂದೆ. ಮುದುಕನಿಗೆ ಏನಾಗಿದೆ ಹೇಳು?"

"ಏನಾಗಿದೆ?"

"ಏನೂ ಇಲ್ಲ. ಗುರುವಾರದಿಂದ ಉಪವಾಸ ಕೂತಿದಾನೆ, ಮಗನಿಗೋಸ್ಕರ."

"ಉಪವಾಸ ಅಂತ ಅವರು ಹೇಳಿದ್ರಾ?"

"ಊಟ ಬೇಡ ಅಂದ. ಇನ್ನೇನು ಅದು?"

ಅವಳು ಅವನ ಅಂಗಿಯ ಎದೆ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿ, ತಂದೆಗೆ ಹೇಳಿ ಬಾ ಎಂದು ಕಳಿಸಿದಳು. ಅವನು ತಂದೆ ಕೂತಿದ್ದ ಚಪ್ಪರಕ್ಕೆ ಹೋದ. ಕಾಲು ಗಂಟೆಯ ಮೇಲೆ ಹಲ್ಲು ಬಿಟ್ಟುಕೊಂಡು ಬಂದ.

"ಏನಂದೆ ಅವರಿಗೆ?"

"ನೀನಂದಿದ್ದನ್ನೇ. ಅಪ್ಪ, ಆ ಹೋರಿ ಜ್ವರ ಬಂದು ನಿಂತಿತ್ತಂತೆ, ನಿನ್ನ ಗುಂಡು ತಾಗೋಕೆ ಮುಂಚೆನೇ ಅರ್ಧ ಸತ್ತಿತ್ತಂತೆ, ನಿನ್ನ ಸೊಸೆ ಹೇಳ್ತಾಳೆ ಅಂದೆ. ನಕ್ಕ ಅತ್ತಿಗೆ. ವರ್ಷದ ಮೇಲೆ ಇವತ್ತೇ ನಕ್ಕಿದ್ದು. ಅದಕ್ಕಾದ್ರೂ ನಿನಗೆ ಪುಣ್ಯ ಬರ್ಲಿ."

ಟ್ವಿಲಾ ಸ್ಮೋಕರ್‌ನ ಗಾಳಿಕಿಂಡಿಯನ್ನು ಅರ್ಧ ಮುಚ್ಚಿದಳು. ಶಾಖ ಇಳಿದರೆ ಅಡುಗೆ ಒಂದೆರಡು ಗಂಟೆ ತಡವಾಗುತ್ತದೆ, ಅಷ್ಟೇ. ಆಮೇಲೆ ಫೋನಿಗೆ ಸಿಗ್ನಲ್ ಸಿಗುವ ಏಕೈಕ ಜಾಗವಾದ ಇಗರ್ಜಿಯ ಹಿಂದಿನ ದಿಬ್ಬ ಹತ್ತಿದಳು. ಪಶುವೈದ್ಯರ ಕಚೇರಿಯಲ್ಲಿ ಗಂಟೆ ಬಾರಿಸಿ ಬಾರಿಸಿ ನಿಂತಿತು. ಮೂವತ್ತು ಮೈಲಿ ಆಚೆಯ ಆಸ್ಪತ್ರೆಯಲ್ಲಿ ಒಬ್ಬ ದಾದಿ ಎತ್ತಿಕೊಂಡಳು. ಹುಣ್ಣಿನ ವಿವರ ಕೇಳಿದ ಮೇಲೆ ಅವಳ ದನಿ ಬದಲಾಯಿತು.

"ಅವರನ್ನ ಈಗಲೇ ಕರ್ಕೊಂಡು ಬನ್ನಿ. ಮಾಂಸ ಯಾರೂ ಮುಟ್ಟಬಾರದು. ಸುಡೋದು, ಹೂಳೋದು ಏನೂ ಮಾಡ್ಬೇಡಿ, ಇದ್ದಲ್ಲೇ ಮುಚ್ಚಿಡಿ."

"ಅದೇ ಅಂತ ಖಂಡಿತ ಹೇಳ್ತೀರಾ? ನಾನು ಜನರ ಮುಂದೆ ಹೇಳ್ಬೇಕು."

"ರಕ್ತ ಪರೀಕ್ಷೆ ಆಗದೆ ಯಾರೂ ಖಂಡಿತ ಹೇಳಲ್ಲಮ್ಮ. ಸೋಮವಾರ, ಮಂಗಳವಾರ ಆಗುತ್ತೆ."

ದಿಬ್ಬ ಇಳಿಯುವಾಗ ಅವಳಿಗೆ ರಸ್ತೆ ಕಂಡಿತು. ವಾಹನಗಳು ಧೂಳೆಬ್ಬಿಸುತ್ತ ಬರುತ್ತಿದ್ದವು. ಇಳಿದವರೆಲ್ಲರ ಕೈಯಲ್ಲೂ ಮುಚ್ಚಳವಿರುವ ಖಾಲಿ ಡಬ್ಬಗಳು, ಐಸ್‌ಕ್ರೀಮ್ ಬಕೆಟ್‌ಗಳು. ಇಂಥ ಊಟದಲ್ಲಿ ಉಂಡು ಎದ್ದು ಹೋಗುವುದಲ್ಲ. ಉಳಿದದ್ದನ್ನೆಲ್ಲ ತುಂಬಿಕೊಂಡು ಮನೆಗೆ ಒಯ್ಯಬೇಕು, ಬರಲಾಗದ ಮುದುಕರಿಗೆ, ಬಾಣಂತಿಯರಿಗೆ. ಒಯ್ಯದಿದ್ದರೆ ಸತ್ತವನಿಗೆ ಅವಮಾನ. ಟ್ವಿಲಾ ಡಬ್ಬಗಳನ್ನು ನೋಡುತ್ತ ನಡೆದಳು. ಸಂಜೆಯ ಹೊತ್ತಿಗೆ ಈ ಮಾಂಸ ಅರವತ್ತು ಮನೆಗಳಲ್ಲಿರುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ತರುವುದು ಯಾರಿಂದಲೂ ಆಗದು.

"ಹೊಗೆ ವಾಸನೆ ದೊಡ್ಡ ರಸ್ತೆವರೆಗೂ ಬಂದಿದೆ ಕಣಮ್ಮ," ಎಂದ ಎದುರಾದ ಒಬ್ಬ ಮುದುಕ. "ಲೈಲ್ ಪುಣ್ಯವಂತ."

ಪೈನ್ ಕೊಂಬೆ ಹೊದಿಸಿದ ಚಪ್ಪರದ ಕೆಳಗೆ ಎನೋಸ್ ಕೂತಿದ್ದ. ಸುತ್ತ ನಲವತ್ತು ಐವತ್ತು ಜನ. ಹೊರಗೆ ನೆರಳಲ್ಲೇ ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಖೆ. ಮುದುಕ ಉಣ್ಣೆಯ ಕಂಬಳಿ ಹೊದ್ದು ಅದರ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಮೂರು ದಿನ ಅನ್ನನೀರು ಬಿಟ್ಟವನ ಹೊಟ್ಟೆ ಒಳಸೇರಿರಬೇಕಿತ್ತು. ಕಂಬಳಿಯ ಕೆಳಗೆ ಅದು ಉಬ್ಬಿಕೊಂಡಿತ್ತು.

ಟ್ವಿಲಾ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನೆದುರು ನಿಂತಳು. ಯಾರೋ ಹಿಂದಿನಿಂದ ಅವಳ ಸೆರಗಂಚಿನಂತೆ ಇಳಿಬಿದ್ದ ಶಾಲನ್ನು ಹಿಡಿದೆಳೆದರು.

"ಮಾವ," ಎಂದಳು.

ಮಾತು ನಿಂತಿತು. ಹಿಂದೆ ಕುರ್ಚಿ ಜೋಡಿಸುತ್ತಿದ್ದವರೂ ನಿಂತರು. ಮುದುಕ ತಲೆ ಎತ್ತಲಿಲ್ಲ.

"ಎಲ್ರಾಯ್ ಹೇಳಿದ್ದು ತಮಾಷೆ ಅಲ್ಲ. ಅವನು ಹಾಗಂದ್ಕೊಂಡ. ಆ ಹೋರಿಗೆ ನೆರಡಿ ಇತ್ತು ಅನ್ಸುತ್ತೆ ನನಗೆ. ರಕ್ತ ಹೆಪ್ಪುಗಟ್ಟಲಿಲ್ಲ, ನಾನೇ ನೋಡಿದೆ. ಗುಲ್ಮ ಊದಿ ಕಪ್ಪಾಗಿತ್ತು. ಅತ್ತೆ ಕೈ ನೋಡಿ. ನಿಮಗೂ ಇದು ಉಪವಾಸ ಅಲ್ಲ, ಮಾವ. ಪರೀಕ್ಷೆ ಆಗೋವರೆಗೆ ಖಂಡಿತ ಅಂತ ಯಾರೂ ಹೇಳಲ್ಲ. ಆದ್ರೆ ಅಷ್ಟರಲ್ಲಿ ಇವರೆಲ್ಲ ತಿಂದಿರ್ತಾರೆ. ಬೇಡ ಅಂತ ನೀವು ಹೇಳ್ಬೇಕು. ನಾನು ಹೇಳಿದ್ರೆ ನಡೆಯಲ್ಲ."

"ಅತ್ತಿಗೆ," ಎಂದ ಎಲ್ರಾಯ್ ಅವಳ ಹಿಂದಿನಿಂದ. ಅವನ ದನಿಯಲ್ಲಿ ಈಗ ನಗು ಇರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು.

ಮುದುಕ ನೆಲ ನೋಡುತ್ತಲೇ ಮಾತಾಡಿದ. ದನಿ ಎಷ್ಟು ಕ್ಷೀಣವಾಗಿತ್ತೆಂದರೆ ಹಿಂದಿನವರು ಮುಂದೆ ಬಾಗಿದರು.

"ಅದರ ಹಿಂಗಾಲು ನಡುಗ್ತಾ ಇತ್ತು. ಮೂಗಲ್ಲಿ ನೊರೆ ಇತ್ತು. ಓಡೋಕೆ ಆಗದೆ ನಿಂತಿತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ನೋಡಿದೆ ನಾನು. ನೋಡಿಲ್ಲ ಅನ್ನಲ್ಲ. ನನ್ನ ಮಗನಿಗೆ ಅಂತ ನಿಂತಿದೆ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಬೇಕಿತ್ತು ನನಗೆ."

ಮುದುಕ ಕಂಬಳಿಯ ಅಂಚು ಬಿಟ್ಟು, ಹೊಗೆ ಏಳುತ್ತಿದ್ದತ್ತ ಕೈ ತೋರಿಸಿದ.

"ಮುಚ್ಚಿ ಅದನ್ನ," ಎಂದ ಮುದುಕ. "ಯಾರೂ ತಿನ್ನಬೇಡಿ. ನಾನು ಹೇಳ್ತಾ ಇದೀನಿ."

ಸ್ಮೋಕರ್‌ನ ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ, ಮುಚ್ಚಳಕ್ಕೆ ಬೇಲಿತಂತಿ ಸುತ್ತಿದರು. ಶೀತಲ ಕೋಣೆಗೆ ಬೀಗ ಬಿತ್ತು. ಜನ ಖಾಲಿ ಡಬ್ಬಗಳನ್ನು ಎದೆಗವಚಿಕೊಂಡು ದೂರ ನಿಂತು ನೋಡಿದರು. ಬೆಂಕಿ ಉಸಿರುಗಟ್ಟಿ, ಅದುವರೆಗೆ ತೆಳು ನೀಲಿಯಾಗಿದ್ದ ಹೊಗೆ ಮುಚ್ಚಳದ ಸಂದುಗಳಿಂದ ಹಳದಿಯಾಗಿ, ದಪ್ಪವಾಗಿ ಸೋರತೊಡಗಿತು. ಗಾಳಿ ಇಲ್ಲದ್ದರಿಂದ ಅದು ಮೇಲೆ ಹೋಗದೆ ನೆಲದುದ್ದಕ್ಕೂ ಹರಡಿತು. ಮಕ್ಕಳಿದ್ದವರು ಮಕ್ಕಳನ್ನು ಎತ್ತಿಕೊಂಡು ಹಿಂದೆ ಸರಿದರು.

ಎಲ್ರಾಯ್ ತಂದೆಯನ್ನು ಎತ್ತಿ ಟ್ರಕ್‌ನಲ್ಲಿ ಮಲಗಿಸಿದ. ಫಿಲೊಮಿನ್ ಹತ್ತಿ ಪಕ್ಕದಲ್ಲಿ ಕೂತಳು. ಟ್ವಿಲಾ ಬಾಗಿಲು ಹಾಕಲು ಬಂದಾಗ ಮುದುಕ ಅವಳತ್ತ ತಿರುಗಿ, ಮೊದಲ ಸಲ ಅವಳ ಮುಖ ನೋಡಿದ.

"ಟ್ವಿಲಾ. ಸೋಮವಾರ ಅಲ್ಲೇ ಪಾಲು ಹಾಕಿದ್ವಿ."

ಅವಳಿಗೆ ಕೂಡಲೇ ಅರ್ಥವಾಯಿತು. ಅರ್ಥವಾಗದಿರಲಿ ಎಂದು ಒಂದು ಕ್ಷಣ ಬಯಸಿದಳು. ಪ್ರಾಣಿ ಬಿದ್ದ ಜಾಗದಲ್ಲೇ ನಾಲಿಗೆ, ಪಕ್ಕೆಲುಬು, ಕರುಳು ಬೇರೆಯಾಗುತ್ತವೆ. ಕೈ ಹಚ್ಚಿದವರಿಗೆ ಮತ್ತು ದುಡಿಯುವವರಿಲ್ಲದ ಮನೆಗಳಿಗೆ ಅವು ಅಂದೇ ಹೋಗಿಬಿಡುತ್ತವೆ. ಶೋಕದ ಮನೆಗೆ ಆ ಪಾಲು ಬರುವುದಿಲ್ಲವಾದ್ದರಿಂದ ಅವಳಿಗೆ ಅದು ನೆನಪೇ ಆಗಿರಲಿಲ್ಲ.

"ಎಷ್ಟು ಮನೆ, ಮಾವ?"

"ನಾಲ್ಕು." ಮುದುಕ ಹೆಸರು ಹೇಳಿದ. ಮೊದಲಿನ ಮೂರು ಮನೆಯವರು ಅಲ್ಲೇ, ಡಬ್ಬ ಹಿಡಿದು ನಿಂತವರಲ್ಲೇ ಇದ್ದರು. ಅವರಲ್ಲಿ ಇಬ್ಬರು ಈ ಮಾತು ಕೇಳಿ ತಮ್ಮ ಕಾರುಗಳತ್ತ ನಡೆದರು, ಆಮೇಲೆ ಓಡಿದರು. "ನಾಲ್ಕನೇದು ಕರಿಗುಡ್ಡದಾಚೆ, ಬರ್ನಿಸ್ ಮನೆ. ಅಲ್ಲಿ ಫೋನಿಲ್ಲ."

"ಇವತ್ತು ಅವರು ಬಂದಿಲ್ಲ," ಎಂದ ಎಲ್ರಾಯ್.

"ಬರಲ್ಲ. ಕಾರು ಕೆಟ್ಟಿದೆ. ಅದಕ್ಕೇ ಅವಳಿಗೆ ಜಾಸ್ತಿ ಕೊಟ್ಟೆ."

ಟ್ರಕ್ ಆಸ್ಪತ್ರೆಯತ್ತ ಪೂರ್ವಕ್ಕೆ ಹೋಯಿತು. ಟ್ವಿಲಾ ತನ್ನ ಕಾರನ್ನು ಪಶ್ಚಿಮಕ್ಕೆ ಬಿಟ್ಟಳು. ಜಲ್ಲಿರಸ್ತೆಯಲ್ಲಿ ಹತ್ತೊಂಬತ್ತು ಮೈಲಿ. ಬೂದಿಹಳ್ಳದ ಸೇತುವೆಯ ಮೇಲೆ ಬಂದಾಗ ಕೆಳಗೆ ಹುಲ್ಲುಗಾವಲು ಕಂಡಿತು. ಹಿಂಡು ದಿಬ್ಬದಿಂದ ಇಳಿದು ಬಂದು ಹೂಳಿನ ಮೇಲೆ ಮೇಯುತ್ತಿತ್ತು. ಎರಡು ಬೈಸನ್ ಗುಂಪಿನಿಂದ ಬೇರೆಯಾಗಿ ನಿಂತಿದ್ದವು. ಅವಳು ವೇಗ ಹೆಚ್ಚಿಸಿದಳು.

ಬರ್ನಿಸ್‌ಗೆ ಅರವತ್ತು ದಾಟಿತ್ತು. ಮಗಳು ಊರು ಬಿಟ್ಟ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಸಾಕಿಕೊಂಡಿದ್ದಳು. ಅವಳ ಮನೆಯ ಮುಂದೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಕಾಗದದಷ್ಟು ತೆಳ್ಳಗೆ ಕೊಯ್ದ ಮಾಂಸದ ಪಟ್ಟಿಗಳು ಬಿಸಿಲಿಗೆ ಒಣಗಿ ಕಪ್ಪಾಗಿದ್ದವು. ಹಗ್ಗದ ಎಡಗಡೆಯ ಅರ್ಧ ಖಾಲಿಯಾಗಿತ್ತು.

ಕಾರಿನ ಸದ್ದಿಗೆ ಬರ್ನಿಸ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳ ಹಿಂದೆ ಒಳಗಿನಿಂದ ಮಾಂಸದ ಸಾರಿನ ಬಿಸಿ ವಾಸನೆ ಹೊರಬಂತು.

"ಇವತ್ತು ನಿನ್ನ ಮನೆ ಊಟ ಬಿಟ್ಟು ಇಲ್ಲಿಗ್ಯಾಕೆ ಬಂದ್ಯೇ? ಬಾ ಒಳಗೆ, ಸರಿಯಾದ ಹೊತ್ತಿಗೇ ಬಂದಿದೀಯ," ಎಂದಳು. "ಮಕ್ಕಳದ್ದು ಈಗಷ್ಟೇ ಊಟ ಆಯ್ತು. ನಂದೊಂದೇ ಬಾಕಿ."